ಭೀಮಸೇನ ಜೋಶಿಯವರ ಜನಪ್ರಿಯ ಗಾಯನ: ಸಂತವಾಣಿ ಮತ್ತು ದಾಸವಾಣಿ

೧

ಜನಪ್ರಿಯ ಗಾಯಕರ ಜೀವನವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವರು. ಕೆಲವರು ಆ ಜೀವನದ ಕಷ್ಟಗಳನ್ನೂ ವ್ಯಸನಗಳನ್ನೂ ವಿಜಯಗಳನ್ನೂ ಕತೆಯಾಗಿ ಪೋಣಿಸಿ, ಗಾಯನವನ್ನು ಆ ಕತೆಯ ಅಲಂಕಾರವನ್ನಾಗಿ ಮಾಡುವರು. ಮತ್ತೆ ಕೆಲವರು ಗಾಯಕನು ಯಾವ ಊರಿನವನು, ಯಾವ ಭಾಷೆಯವನು, ಅವನ ಕೀರ್ತಿಯನ್ನು ಯಾವ ಪ್ರಾಂತದ ಖಾತೆಗೆ ಜಮೆ ಮಾಡಬೇಕು ಎಂಬ ಲೆಕ್ಕದಲ್ಲಿ ತೊಡಗುವರು. ಎರಡು ದಾರಿಗಳೂ ಹಾಡಿನ ಬಾಗಿಲವರೆಗೆ ಬಂದು ಅಲ್ಲಿಯೇ ನಿಂತುಬಿಡುವುವು. ಪಂಡಿತ ಭೀಮಸೇನ ಜೋಶಿಯವರ (೧೯೨೨-೨೦೧೧) ವಿಷಯದಲ್ಲಿ ಹೀಗಾಗಿರುವುದು ಸ್ಪಷ್ಟವಾಗಿ ಕಂಡುಬರುವುದು. ಅವರ ಖ್ಯಾಲ ಗಾಯನವನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿರುವರು. ಲಕ್ಷಾಂತರ ಮನೆಗಳನ್ನು ಹೊಕ್ಕ ಅವರ ಸಂತವಾಣಿಯನ್ನೂ ದಾಸವಾಣಿಯನ್ನೂ ಮಾತ್ರ ಮಹಾಗಾಯಕನ ಬಿಡುವಿನ ವೇಳೆಯ ಕೃಷಿಯೆಂಬಂತೆ ಎರಡು ಮಾತಿನಲ್ಲಿ ಮುಗಿಸುವುದು ರೂಢಿಯಾಗಿದೆ.

ಪುಣೆಯ ಪೂರ್ವದ ಅಂಚಿನಲ್ಲಿ, ಮುಳಾ-ಮುಠಾ ನದಿಯ ಮಗ್ಗುಲಿಗೆ ಇರುವ ಖರಾಡಿಯನ್ನು ನೋಡಿದರೆ ಈ ರೂಢಿ ಎಷ್ಟು ಅಪೂರ್ಣವೆಂಬುದು ತಿಳಿಯುವುದು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರು ಇಂದು ಗಣಕೋದ್ಯಮದ ಎತ್ತರದ ಕಟ್ಟಡಗಳ ನಗರಭಾಗ. ಧಾರವಾಡ, ಗದಗ, ಬಾಗಲಕೋಟೆ, ಕಲಬುರಗಿ, ಬೆಂಗಳೂರುಗಳಿಂದ ಉದ್ಯೋಗವನ್ನರಸಿ ಬಂದ ಕನ್ನಡ ಕುಟುಂಬಗಳು ಇಲ್ಲಿ ಮರಾಠಿ ಕುಟುಂಬಗಳೊಡನೆ ಒಂದೇ ಗೋಡೆಯ ಆಚೀಚೆ ವಾಸವಾಗಿವೆ. ಆಷಾಢ ಏಕಾದಶಿಯ ಬೆಳಗ್ಗೆ ಗೋಡೆಯ ಒಂದು ಕಡೆ ನಾಮದೇವರ ಅಭಂಗ ಕೇಳಿಬರುವುದು. ಶ್ರಾವಣದ ಶುಕ್ರವಾರ ಇನ್ನೊಂದು ಕಡೆ ಪುರಂದರದಾಸರ ಲಕ್ಷ್ಮಿಯ ಪದ. ಹಾಡು ಬೇರೆ, ಭಾಷೆ ಬೇರೆ, ದೇವತೆ ಬೇರೆ, ಕಂಠ ಒಂದೇ. ಈ ಕಂಠ ಯಾರದು ಎಂಬ ಪ್ರಶ್ನೆ ಸಮಾರಂಭಗಳಲ್ಲಿ ಬಗೆಹರಿಯತಕ್ಕದ್ದು. ಆ ಕಂಠವು ಒಂದೊಂದು ಭಾಷೆಯಲ್ಲಿ ಏನನ್ನು ಸಾಧಿಸಿತು ಎಂಬುದು ವಿಮರ್ಶೆಯ ಪ್ರಶ್ನೆ.

೨

ಭೀಮಸೇನರ ಬಾಲ್ಯ ಈಗಾಗಲೇ ದಂತಕತೆಯ ರೂಪವನ್ನು ತಾಳಿದೆ. ೧೯೨೨ರ ಫೆಬ್ರವರಿ ೪ರಂದು ಇಂದಿನ ಗದಗ ಜಿಲ್ಲೆಯ ರೋಣದಲ್ಲಿ ಜನನ. ತಂದೆ ಗುರುರಾಜ ಜೋಶಿಯವರು ಉಪಾಧ್ಯಾಯರು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಹುಡುಗ ಮನೆಬಿಟ್ಟ. ಊಟದ ಎಲೆಗೆ ತುಪ್ಪ ಸಾಲದೆ ತಾಯಿಯೊಡನೆ ಮುನಿದದ್ದು, ಟಿಕೀಟಿಲ್ಲದೆ ರೈಲಿನಲ್ಲಿ ಪ್ರಯಾಣಿಕರ ಮುಂದೆ ಹಾಡುತ್ತ ಹೋದದ್ದು, ಗ್ವಾಲಿಯರ್, ಕಲಕತ್ತೆಗಳನ್ನು ಸುತ್ತಿ ಜಲಂಧರವನ್ನು ಮುಟ್ಟಿದ್ದು, ಅಲ್ಲಿ ವಿನಾಯಕರಾವ್ ಪಟವರ್ಧನರು ‘ನಿನ್ನ ಗುರು ನಿನ್ನ ನಾಡಿನಲ್ಲಿಯೇ ಇದ್ದಾರೆ’ ಎಂಬ ಅರ್ಥದಲ್ಲಿ ಸವಾಯಿ ಗಂಧರ್ವರ ಹೆಸರನ್ನು ಸೂಚಿಸಿದ್ದು, ಇವೆಲ್ಲವನ್ನೂ ಓದುಗರು ಬಲ್ಲರು.

ಈ ಕತೆಯಲ್ಲಿ ಎಲ್ಲರೂ ಹೇಳಿ, ಯಾರೂ ಹೆಚ್ಚು ವಿಚಾರಿಸದ ಅಂಶವೊಂದಿದೆ. ಹುಡುಗನನ್ನು ಮನೆಯಿಂದ ಎಬ್ಬಿಸಿದ್ದು ಒಂದು ಗ್ರಾಮಫೋನ್ ತಟ್ಟೆ. ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ಆ ಮುದ್ರಿಕೆ ಮೂರು ನಿಮಿಷದ ಆಸುಪಾಸಿನದು. ರಾಜರ ಆಸ್ಥಾನದ ಇಡೀ ರಾತ್ರಿಯ ಬೈಠಕ್ಕಿನಿಂದ ಈ ಸಂಗೀತಜೀವನ ಹುಟ್ಟಲಿಲ್ಲ. ಯಾರು ಬೇಕಾದರೂ ನಿಂತು ಕೇಳಬಹುದಾದ, ಯಂತ್ರದಿಂದ ಹೊರಟ, ಕಿರಿದಾದ ಒಂದು ಹಾಡಿನಿಂದ ಹುಟ್ಟಿತು. ಅಂದಿನ ಕಾಲಕ್ಕೆ ಜನಪ್ರಿಯ ಸಂಗೀತದ ಮಾಧ್ಯಮವೆಂದರೆ ಇದೇ. ಕಿರಿದಾದ ಅವಧಿಯಲ್ಲಿ, ಒಂದೆರಡು ಸಾಲುಗಳ ಮಾತಿನಲ್ಲಿ, ಕೇಳುವವನ ಎದೆಯನ್ನು ತಟ್ಟಬೇಕೆಂಬ ಆದರ್ಶವು ಖ್ಯಾಲದ ಅಭ್ಯಾಸಕ್ಕಿಂತ ಮೊದಲೇ ಆ ಬಾಲಕನಲ್ಲಿ ನೆಲೆಗೊಂಡಿದ್ದಿತು.

೧೯೩೬ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು, ಎಂದರೆ ರಾಮಭಾವು ಕುಂದಗೋಳಕರರು, ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಗುರುಗೃಹದಲ್ಲಿ ನೀರು ಹೊರುವುದರಿಂದ ಮೊದಲಾದ ಸೇವೆ, ಕೆಲವೇ ರಾಗಗಳ ಎಡೆಬಿಡದ ಸಾಧನೆ. ಸವಾಯಿ ಗಂಧರ್ವರು ಸ್ವತಃ ಅಬ್ದುಲ್ ಕರೀಂ ಖಾನರ ಶಿಷ್ಯರು. ಕನ್ನಡ ನೆಲದ ಗಾಯಕರಾಗಿ ಮರಾಠಿ ಸಂಗೀತ ನಾಟಕಗಳಲ್ಲಿ ಕೀರ್ತಿ ಗಳಿಸಿದವರು. ಆ ರಂಗಭೂಮಿಯಾದರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ಪ್ರಯೋಗಿಸಿದ ‘ಶಾಕುಂತಲ’ದಿಂದ ಬೆಳೆದದ್ದು. ಆದುದರಿಂದ ಭೀಮಸೇನರು ಪುಣೆಗೆ ಬಂದು ನೆಲೆಸಿದ್ದು ಆಕಸ್ಮಿಕವೆನ್ನಲಾಗದು. ಅವರಿಗಿಂತ ಎರಡು ತಲೆಮಾರು ಮೊದಲೇ ಆ ದಾರಿ ಸವೆದಿದ್ದಿತು.

೧೯೪೨ರಲ್ಲಿ ಹೊರಬಂದ ಅವರ ಮೊದಲ ಧ್ವನಿಮುದ್ರಿಕೆ ಭಕ್ತಿಗೀತಗಳದು. ಖ್ಯಾಲ ಗಾಯಕರಾಗಿ ಹೆಸರು ಮಾಡುವ ಮೊದಲೇ ಇದು ನಡೆದದ್ದು ಗಮನಾರ್ಹ. ಶಾಸ್ತ್ರೀಯ ಕೀರ್ತಿ ಬಂದ ಮೇಲೆ ಜನರ ಒಲುಮೆಗಾಗಿ ಭಜನೆಗೆ ಇಳಿದರು ಎಂಬ ಆಕ್ಷೇಪಣೆಯು ಕಾಲಕ್ರಮವನ್ನು ನೋಡಿದರೆ ನಿಲ್ಲಲಾರದು.

ಅವರ ಖಾಸಗಿ ಬಾಳಿನ ಎರಡು ಸಂಸಾರಗಳ ಹೊರೆ, ಕೆಲವು ಕಾಲದ ಮದ್ಯವ್ಯಸನ, ಅದರಿಂದ ಬಿಡುಗಡೆ, ಇವು ಬಹಿರಂಗವಾಗಿಯೇ ಚರ್ಚೆಯಾದ ಸಂಗತಿಗಳು. ಮೊದಲ ಪತ್ನಿಯ ಮಗ ರಾಘವೇಂದ್ರ ಜೋಶಿಯವರು ಬರೆದ ನೆನಪುಗಳಲ್ಲಿ ತಂದೆಯ ಮಹತ್ತಿನೊಡನೆ ಮನೆಯವರು ತೆತ್ತ ಬೆಲೆಯೂ ಕಾಣುವುದು. ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಆದರೆ ಬೀಳುವುದು ಮತ್ತು ಏಳುವುದು ಎಂಬ ಎರಡೇ ಕ್ರಿಯಾಪದಗಳಲ್ಲಿ ಗಾಯಕನ ಬಾಳನ್ನು ಬರೆದು ಮುಗಿಸಿದರೆ, ಅವನು ದಿನವೂ ಮಾಡಿದ ಕೆಲಸ, ಎಂದರೆ ಸ್ವರಸಾಧನೆ, ಲೆಕ್ಕದಿಂದ ಬಿಟ್ಟುಹೋಗುವುದು.

೩

ಭಕ್ತಿಗೂ ಜನಪ್ರಿಯತೆಗೂ ಇರುವ ಸಂಬಂಧವನ್ನು ತಿಳಿಯಲು ದೂರದ ಒಂದು ನಿದರ್ಶನ ನೆರವಾಗುವುದು. ಅಮೆರಿಕದಲ್ಲಿ ‘ಸೋಲ್’, ಎಂದರೆ ಆತ್ಮ, ಎಂಬ ಹೆಸರನ್ನೇ ಪಡೆದ ಜನಪ್ರಿಯ ಸಂಗೀತವು ಕರಿಯ ಜನರ ಇಗರ್ಜಿಯ ಹಾಡಿನಿಂದ ಹುಟ್ಟಿದ್ದು. ಅದರ ಮಹಾಗಾಯಕಿಯಾದ ಅರೀಥಾ ಫ್ರಾಂಕ್ಲಿನ್ (೧೯೪೨-೨೦೧೮) ಡೆಟ್ರಾಯಿಟಿನ ಧರ್ಮೋಪದೇಶಕನೊಬ್ಬನ ಮಗಳು. ತಂದೆಯ ಇಗರ್ಜಿಯಲ್ಲಿಯೇ ಹಾಡಲು ಕಲಿತವಳು. ೧೯೬೭ರಲ್ಲಿ ಲೌಕಿಕ ಹಾಡುಗಳಿಂದ ದೇಶವಿಖ್ಯಾತಳಾದಳು. ೧೯೭೨ರಲ್ಲಿ ಲಾಸ್ ಏಂಜಲೀಸಿನ ಇಗರ್ಜಿಯೊಂದರಲ್ಲಿ ಭಕ್ತರ ಸಮ್ಮುಖದಲ್ಲಿ ದೇವರ ಹಾಡುಗಳನ್ನು ಹಾಡಿ ಮುದ್ರಿಸಿದಳು. ಆ ಸಂಪುಟವು ಅವಳ ಅತ್ಯಂತ ಜನಪ್ರಿಯ ಕೃತಿಗಳಲ್ಲಿ ಒಂದಾಯಿತು.

ಇಬ್ಬರಲ್ಲಿಯೂ ಭಕ್ತಿಯ ಹಾಡು ಮೊದಲಿನದು, ಮನೆಯದು. ಇಬ್ಬರೂ ಅದನ್ನು ಬಿಟ್ಟು ಹೋಗಿ, ಬೇರೊಂದು ವಿದ್ಯೆಯನ್ನು ಗಳಿಸಿ, ಆ ವಿದ್ಯೆಯೊಡನೆ ಅದಕ್ಕೆ ಮರಳಿದರು. ಆದರೆ ಆಕ್ಷೇಪಣೆ ಬಂದ ದಿಕ್ಕು ಮಾತ್ರ ಬೇರೆ. ಅಲ್ಲಿ ಗೊಣಗಿದವರು ಧಾರ್ಮಿಕರು: ದೇವರ ಸ್ವರವನ್ನು ಸಂತೆಗೆ ಒಯ್ದರಲ್ಲಾ ಎಂಬುದು ಈ ಬಗೆಯ ಹಾಡಿಗೆ ಅವರು ಒಡ್ಡಿದ ದೂರು. ಇಲ್ಲಿ ಗೊಣಗಿದವರು ರಸಿಕರು: ರಾಗವನ್ನು ಭಜನೆಗೆ ಇಳಿಸಿದರಲ್ಲಾ ಎಂಬುದು ಅವರ ದೂರು. ಈ ನಾಡಿನಲ್ಲಿ ಕಲೆಯೇ ಒಂದು ಮಡಿಯನ್ನು ಉಟ್ಟುಕೊಂಡಿದ್ದಿತೆಂಬುದು ಈ ವ್ಯತ್ಯಾಸದಿಂದ ವ್ಯಕ್ತವಾಗುವುದು. ಭೀಮಸೇನರು ಮುಟ್ಟಿದ್ದು ಆ ಮಡಿಯನ್ನು.

೪

ಅಭಂಗದ ಪ್ರಸಿದ್ಧವಾದ ಛಂದೋರೂಪದಲ್ಲಿ ನಾಲ್ಕು ಚರಣಗಳು. ಮೊದಲ ಮೂರರಲ್ಲಿ ಆರಾರು ಅಕ್ಷರ, ಕೊನೆಯದರಲ್ಲಿ ನಾಲ್ಕು. ಕಡೆಯ ಚರಣದ ಈ ಕಿರುತನವೇ ಅಭಂಗದ ಉಸಿರು. ವಾರಿಯಲ್ಲಿ ನಡೆಯುವವನು ಹೆಜ್ಜೆಯೂರಿ ಉಸಿರೆಳೆದುಕೊಳ್ಳಲು ಅಲ್ಲಿ ಎಡೆ ದೊರೆಯುವುದು. ವಾರಕರಿಗಳು ಇದನ್ನು ತಾಳ ಮೃದಂಗಗಳೊಡನೆ ಗುಂಪಿನಲ್ಲಿ ಹಾಡುವರು. ಭೀಮಸೇನರು ಆ ಎಡೆಯನ್ನು ಸ್ವರವಿಸ್ತಾರಕ್ಕೆ ಬಳಸಿಕೊಂಡರು. ಚರಣ ಮುಗಿದು ಪಲ್ಲವಿ ಮರಳುವ ಮುನ್ನ ಅವರು ಒಂದು ಆಲಾಪವನ್ನೋ ತಾನವನ್ನೋ ಹೂಡುವರು. ಗುಂಪಿನ ನಡಿಗೆಯಿಂದ ಒಬ್ಬನು ಒಂದು ಗಳಿಗೆ ಹೊರಬಂದು ಮೇಲೆ ನೋಡಿದಂತೆ. ಮರುಗಳಿಗೆಯಲ್ಲಿ ತಾಳವು ಅವನನ್ನು ಗುಂಪಿಗೆ ಮರಳಿಸುವುದು.

ರಾಮ ಫಾಟಕರು ಅಹೀರ ಭೈರವದಲ್ಲಿ ಸ್ವರ ಹಾಕಿದ ನಾಮದೇವರ ‘ತೀರ್ಥ ವಿಠ್ಠಲ’ ಇದಕ್ಕೆ ಉತ್ತಮ ಉದಾಹರಣೆ. ತೀರ್ಥ, ಕ್ಷೇತ್ರ, ದೇವ, ಪೂಜೆ, ತಾಯಿ, ತಂದೆ ಎಲ್ಲವೂ ವಿಠ್ಠಲನೇ ಎಂದು ಹೇಳುವ ಈ ರಚನೆಯಲ್ಲಿ ಆ ಒಂದು ಹೆಸರು ಮತ್ತೆ ಮತ್ತೆ ಬರುವುದು. ಓದುವಾಗ ಅದು ಪಟ್ಟಿಯಂತೆ ತೋರಬಹುದು. ಹಾಡುವಾಗ ಒಂದೊಂದು ಸಲವೂ ಆ ಹೆಸರು ಬೇರೆ ಸ್ವರದ ಮೇಲೆ, ಬೇರೆ ಭಾರದೊಡನೆ ಇಳಿಯುವುದರಿಂದ ಪಟ್ಟಿಯು ಪ್ರಮಾಣವಾಗಿ ಮಾರ್ಪಡುವುದು. ಒಂದೇ ಮಾತನ್ನು ನೂರು ಬಗೆಯಲ್ಲಿ ಬೆಳಗಿಸುವ ಖ್ಯಾಲದ ಶಿಕ್ಷಣ ಇಲ್ಲಿ ಕಾವ್ಯದ ಅರ್ಥಕ್ಕೆ ದುಡಿದಿದೆ. ರಾಗವು ಭಜನೆಗೆ ಇಳಿಯಿತೆಂಬ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಹಳೆಯ ಸಂತರದೆಂದು ಅನೇಕರು ನಂಬಿ ಹಾಡಿಕೊಳ್ಳುವ ‘ಇಂದ್ರಾಯಣೀ ಕಾಠೀ’ ವಾಸ್ತವವಾಗಿ ೧೯೫೩ರ ‘ಗುಳಾಚಾ ಗಣಪತಿ’ ಎಂಬ ಮರಾಠಿ ಚಲನಚಿತ್ರದ ಗೀತ. ಅದನ್ನು ಬರೆದವರು ಗ. ದಿ. ಮಾಡಗೂಳಕರರು, ಸ್ವರ ಹಾಕಿದವರು ಪು. ಲ. ದೇಶಪಾಂಡೆಯವರು. ಚಿತ್ರಗೀತವೊಂದು ಕೆಲವೇ ದಶಕಗಳಲ್ಲಿ ಸಂತವಾಣಿಯ ಪದವಿಯನ್ನು ಪಡೆಯಿತೆಂದರೆ ಅದರಲ್ಲಿ ಗಾಯಕನ ಪಾಲು ದೊಡ್ಡದು. ಜನಪ್ರಿಯ ಸಂಗೀತವು ಪರಂಪರೆಯನ್ನು ಹಾಳುಮಾಡುವುದೆಂದು ಹೇಳುವವರು, ಅದು ಪರಂಪರೆಯನ್ನು ಸೃಷ್ಟಿಸುವುದೂ ಉಂಟೆಂಬುದನ್ನು ಇಲ್ಲಿ ಕಾಣಬಹುದು.

ಚಲನಚಿತ್ರದೊಡನೆ ಅವರಿಗಿದ್ದ ಸಂಬಂಧ ಕನ್ನಡದ ಕಡೆಯಿಂದಲೂ ಗಮನಿಸತಕ್ಕದ್ದು. ೧೯೫೬ರ ಹಿಂದೀ ಚಿತ್ರ ‘ಬಸಂತ ಬಹಾರ್’ ತ. ರಾ. ಸು. ಅವರ ‘ಹಂಸಗೀತೆ’ಯನ್ನು ಆಧರಿಸಿದ್ದು. ಅದರ ಸ್ಪರ್ಧೆಯ ಹಾಡಿನಲ್ಲಿ ಭೀಮಸೇನರು ಸೋಲುವ ಗಾಯಕನಿಗಾಗಿ ಹಾಡಿದರು. ಗೆಲ್ಲುವ ಕಂಠ ಮನ್ನಾಡೇ ಅವರದು. ೧೯೬೬ರ ಕನ್ನಡ ‘ಸಂಧ್ಯಾರಾಗ’ವು ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ್ದು. ಅದರಲ್ಲಿಯೂ ಅವರ ಕಂಠವಿದೆ. ಮುಂದೆ ‘ಅನ್‌ಕಹೀ’ ಚಿತ್ರಕ್ಕಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂದಿತು. ಗಾಯಕನ ಸೋಲುಗೆಲವುಗಳನ್ನು ವಸ್ತುವಾಗಿಸಿಕೊಂಡ ಎರಡು ಕನ್ನಡ ಕಾದಂಬರಿಗಳು ಬೆಳ್ಳಿತೆರೆಗೆ ಬಂದಾಗ ಎರಡಕ್ಕೂ ಈ ಒಬ್ಬ ಗಾಯಕ ಒದಗಿದ್ದು ಸಾಹಿತ್ಯದ ಚರಿತ್ರಕಾರರೂ ಗುರುತಿಸಬೇಕಾದ ಸಂಗತಿ.

೫

ದಾಸವಾಣಿಯ ಮಾತು ಬೇರೆ. ದಾಸರ ಪದಕ್ಕೆ ಪಲ್ಲವಿ, ಅನುಪಲ್ಲವಿ, ಚರಣಗಳ ವಿಭಾಗವಿದೆ, ದ್ವಿತೀಯಾಕ್ಷರ ಪ್ರಾಸವಿದೆ, ಕೊನೆಗೆ ಅಂಕಿತವಿದೆ. ಅಭಂಗವು ದಾರಿಯ ಹಾಡಾದರೆ, ಬಹುಮಟ್ಟಿಗೆ ಇದು ಮನೆಯ ಹಾಡು. ‘ಭಾಗ್ಯದ ಲಕ್ಷ್ಮಿ’ಯ ಪದದಲ್ಲಿ ಕವಿಯು ದೇವಿಯ ನಡಿಗೆಯನ್ನೂ ಕಾಲಂದುಗೆಯ ನಾದವನ್ನೂ, ಕಡೆದ ಮಜ್ಜಿಗೆಯಿಂದ ಮೇಲೇಳುವ ಬೆಣ್ಣೆಯನ್ನೂ ಒಟ್ಟಿಗೆ ನೆನೆಯುವನು. ದಕ್ಷಿಣಾದಿ ಗಾಯಕರಲ್ಲಿ ಈ ಪದಕ್ಕೆ ಬೇರೆಯದೇ ಆದ ಸಂಪ್ರದಾಯವುಂಟು. ಭೀಮಸೇನರು ಅದನ್ನು ತಮ್ಮ ಪದ್ಧತಿಗೆ ತಿರುಗಿಸಿಕೊಂಡು ಹಾಡುವಾಗ ಕರೆಯುವ ಮಾತಿಗೆ ಹೆಚ್ಚಿನ ಬಲ ಬರುವುದು. ದೇವಿಯು ಬಾಗಿಲಲ್ಲಿಯೇ ಇದ್ದಾಳೆ, ಒಳಗೆ ಕರೆದರೆ ಸಾಕು ಎಂಬ ಆಪ್ತತೆ ಅದರಲ್ಲಿದೆ. ಖ್ಯಾಲದಲ್ಲಿ ಮಾತು ಸ್ವರವನ್ನು ತೂಗುಹಾಕುವ ಗೂಟ. ಹ್ರಸ್ವ ದೀರ್ಘಗಳ ಭೇದ ಅಲ್ಲಿ ಅಷ್ಟಾಗಿ ನಿಲ್ಲದು. ದಾಸರ ಪದದಲ್ಲಿ ಗದಗಿನ ಮನೆಯ ಕನ್ನಡ ಅವರ ಬಾಯಿಗೆ ಮರಳುವುದು. ತಾಯ್ನುಡಿಯಲ್ಲಿ ಹಾಡುವವನು ಅರ್ಥವನ್ನು ಹುಡುಕಿಕೊಳ್ಳಬೇಕಾಗಿಲ್ಲವೆಂಬ ನೆಮ್ಮದಿಯನ್ನು ಕೇಳುವವರು ಅಲ್ಲಿ ಗುರುತಿಸಬಹುದು.

ಗುಣವನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಅವರಿಂದ ಹೆಚ್ಚು ಪ್ರಚಾರ ಪಡೆದ ದಾಸರ ಪದಗಳು ಬಹುತೇಕ ಸ್ತುತಿ, ಆಹ್ವಾನ, ಆರ್ತಪ್ರಾರ್ಥನೆಗಳಿಗೆ ಸೇರಿದವು. ಡಾಂಭಿಕತೆಯನ್ನು ಲೇವಡಿ ಮಾಡುವ ಪುರಂದರದಾಸರು, ಕುಲದ ಹೆಮ್ಮೆಯನ್ನು ಪ್ರಶ್ನಿಸುವ ಕನಕದಾಸರು ಆ ಆಯ್ಕೆಯಲ್ಲಿ ಹಿಂದೆ ಸರಿದಿರುವರು. ಇದೇ ಸೀಮೆಯ ಇತರ ಗಾಯಕರೊಡನೆ ಹೋಲಿಸಿದರೆ ಈ ಮಿತಿ ಹೆಚ್ಚು ಸ್ಪಷ್ಟವಾಗುವುದು. ಮಲ್ಲಿಕಾರ್ಜುನ ಮನಸೂರರು ಶಿವಶರಣರ ವಚನಗಳನ್ನು ಹಾಡಿದರು. ಅಲ್ಲಿ ಗದ್ಯದ ಬೆಡಗನ್ನು ರಾಗಕ್ಕೆ ಒಗ್ಗಿಸುವ ಕಠಿನ ಸಮಸ್ಯೆಯನ್ನು ಎದುರಿಸಬೇಕಾಯಿತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ದೇವಾಸದಲ್ಲಿ ನೆಲೆಸಿ, ಮಾಳವದ ಜನಪದ ಸ್ವರಗಳಿಂದ ಕಬೀರನ ನಿರ್ಗುಣಗೀತಗಳಿಗೆ ಹೊಸ ರೂಪವನ್ನೇ ಕೊಟ್ಟರು. ಅವರಿಬ್ಬರ ಪ್ರಯೋಗಗಳಲ್ಲಿ ಕಾಣುವ ವಿಚಾರದ ತೊಡಕು ಭೀಮಸೇನರ ದಾಸವಾಣಿಯಲ್ಲಿ ಕಡಿಮೆ. ಅಲ್ಲಲ್ಲಿ ತಾನದ ರಭಸಕ್ಕೆ ಚರಣದ ಮಾತು ಸಿಲುಕಿ ಒಡೆಯುವುದೂ ಉಂಟು.

ಆದರೂ ಮನಸೂರರಾಗಲಿ ಕುಮಾರರಾಗಲಿ ಮುಟ್ಟದ ಮನೆಗಳನ್ನು ಭೀಮಸೇನರು ಮುಟ್ಟಿದರು. ರಾಗದ ಹೆಸರನ್ನೇ ಅರಿಯದ ಗೃಹಿಣಿ, ಗಿರಣಿಯ ಕೆಲಸಗಾರ, ಲಾರಿಯ ಚಾಲಕ ಇವರ ಕಿವಿಗೆ ಶುದ್ಧವಾದ ಷಡ್ಜವನ್ನೂ ದೃಢವಾದ ಶ್ರುತಿಯನ್ನೂ ಅವರು ತಲುಪಿಸಿದರು. ಅದನ್ನು ಗುಣವೆಂದು ಎಣಿಸದ ವಿಮರ್ಶೆ ಸಂಗೀತದ ಸಾಮಾಜಿಕ ಜೀವನವನ್ನೇ ಅರಿಯದು.

೬

ಇನ್ನು ಸ್ವಾಮ್ಯದ ಪ್ರಶ್ನೆ. ಗುರುಗಳು ೧೯೫೨ರಲ್ಲಿ ತೀರಿಕೊಂಡ ಮೇಲೆ ೧೯೫೩ರಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ಆರಂಭವಾಯಿತು. ಕುಂದಗೋಳದ ಗಾಯಕನ ಹೆಸರು ಅಂದಿನಿಂದ ಪುಣೆಯ ಡಿಸೆಂಬರಿನ ಹೆಸರಾಗಿದೆ. ಭೀಮಸೇನರ ನಿಧನಾನಂತರ ಅವರ ಹೆಸರೂ ಅದರೊಡನೆ ಸೇರಿದೆ. ಅವರಿಗೆ ೨೦೦೫ರಲ್ಲಿ ಕರ್ನಾಟಕ ರತ್ನ, ೨೦೦೮ರಲ್ಲಿ ಭಾರತರತ್ನ ಪ್ರಶಸ್ತಿಗಳು ಸಂದವು. ಆಗ ಅವರು ನಮ್ಮವರು, ನಮ್ಮವರು ಎಂಬ ಮಾತು ಎರಡು ಭಾಷೆಗಳಲ್ಲಿಯೂ ಕೇಳಿಬಂದಿತು.

ಈ ಬಗೆಯ ಮಾತು ಇಲ್ಲಿ ಹೊಸದಲ್ಲ. ಪುರಂದರದಾಸರು ಪುಣೆಯ ಸಮೀಪದ ಪುರಂದರಗಡದವರೆಂದು ಬಹುಕಾಲ ನಂಬಿಕೆಯಿದ್ದಿತು. ಈಚಿನ ಸಂಶೋಧಕರಲ್ಲಿ ಹಲವರು ಮಲೆನಾಡಿನ ತೀರ್ಥಹಳ್ಳಿಯ ಕಡೆಗೆ ಒಲಿದಿರುವರು. ಜ್ಞಾನೇಶ್ವರರ ಅಭಂಗವೊಂದು ವಿಠ್ಠಲನನ್ನೇ ಕಾನಡಿಗನೆಂದೂ ಕರ್ನಾಟಕದವನೆಂದೂ ಕರೆದಿದೆ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ನೆಲದಲ್ಲಿ ಕಣ್ಮರೆಯಾದ ಕನ್ನಡದ ಗುರುತುಗಳನ್ನು ಜೀವನವಿಡೀ ಅರಸಿದರು. ಪುಣೆಯ ವಿದ್ವಾಂಸ ರಾ. ಚಿಂ. ಢೇರೆಯವರು ಅದೇ ವಿಠ್ಠಲನನ್ನು ಒಂದು ಮಹಾಸಮನ್ವಯವೆಂದು ಕಂಡರು. ಈ ಇಬ್ಬರ ಪರಿಶ್ರಮವನ್ನು ಬಲ್ಲವರು ಭೀಮಸೇನರ ಕಂಠವನ್ನು ಸೀಮೆಯ ಕಲ್ಲಿನಿಂದ ಅಳೆಯಲಾರರು. ಪಂಢರಪುರದ ಒಂದು ಮೂರ್ತಿಯ ಮುಂದೆ ಎರಡು ಭಾಷೆಗಳ ಭಕ್ತರು ನಿಂತು ಹಾಡಿದಂತೆ, ಒಂದು ಕಂಠದೊಳಗೆ ಎರಡು ಭಾಷೆಗಳ ಹಾಡು ನಿಂತಿದೆ.

ಹೊರನಾಡ ಕನ್ನಡಿಗರು ಈಗ ಚಿಂತಿಸಬೇಕಾದದ್ದು ಬೇರೆಯೇ ಇದೆ. ಖರಾಡಿಯಂತಹ ನಗರಭಾಗಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಹಿಂದಿಯನ್ನೂ ಮರಾಠಿಯನ್ನೂ ಕಲಿಯುವರು. ಕನ್ನಡ ಅವರಿಗೆ ಕಿವಿಯ ಭಾಷೆ. ಹಬ್ಬದ ದಿನ ದಾಸರ ಪದವನ್ನು ಅವರು ಕೇಳುವರು, ಹಲವರು ಸ್ವರ ತಪ್ಪದೆ ಹಾಡಲೂಬಲ್ಲರು; ಬೆಣ್ಣೆಯ ಉಪಮೆ ಏಕೆ ಬಂದಿತೆಂದು ಕೇಳಿದರೆ ಉತ್ತರಿಸಲಾರರು. ಖ್ಯಾಲದಲ್ಲಿ ಮಾತು ಸ್ವರದ ಗೂಟವಾದರೆ ಅದು ಆ ಕಲೆಯ ನಿಯಮ. ಮನೆಯಲ್ಲಿ ಕನ್ನಡವೇ ಪೂಜೆಯ ಗೂಟವಾದರೆ ಅದು ಭಾಷೆಗೆ ಒದಗುವ ಹಾನಿ. ತಾಯ್ನುಡಿಯ ಅರ್ಥಕ್ಕೆ ಖ್ಯಾಲದ ವಿದ್ಯೆಯನ್ನೆಲ್ಲ ಧಾರೆಯೆರೆದ ಗಾಯಕನ ಹಾಡು, ಅರ್ಥವನ್ನು ಕಳೆದುಕೊಂಡು ನಾದಮಾತ್ರವಾಗಿ ಉಳಿಯುವುದು ಅವನ ಸಾಧನೆಗೆ ವಿರುದ್ಧವಾದ ಫಲ.

ಇದರ ಪರಿಹಾರ ಕನ್ನಡ ಸಂಘಗಳ ಶಕ್ತಿಗೆ ಮೀರಿದ್ದಲ್ಲ. ಭೀಮಸೇನರು ಹಾಡಿದ ಒಂದೊಂದು ಪದದ ಶುದ್ಧಪಾಠವನ್ನು ಮುಂದಿಟ್ಟುಕೊಂಡು, ಅವರು ಯಾವ ಚರಣವನ್ನು ಉಳಿಸಿದರು, ಯಾವುದನ್ನು ಬಿಟ್ಟರು, ಯಾವ ಮಾತಿನ ಮೇಲೆ ನಿಂತರು ಎಂಬುದನ್ನು ಮಕ್ಕಳ ಸಮ್ಮುಖದಲ್ಲಿ ವಿವರಿಸಿ, ಆಮೇಲೆ ಹಾಡನ್ನು ಕೇಳಿಸಬಹುದು. ನೆರೆಯ ಮರಾಠಿ ಮನೆಯವರನ್ನೂ ಕರೆದು ಅಭಂಗಗಳಿಗೂ ಇದೇ ಕೆಲಸವನ್ನು ಮಾಡಬಹುದು. ಅಂತಹ ಹತ್ತು ಸಂಜೆಗಳು ನಡೆದರೆ, ಶ್ರಾವಣದ ಶುಕ್ರವಾರ ಆ ಕಂಠವು ದೇವಿಯನ್ನು ಒಳಗೆ ಕರೆಯುವಾಗ ಯಾವ ಮಾತಿನಿಂದ ಕರೆಯುತ್ತಿದೆಯೆಂಬುದು ಗೋಡೆಯ ಈಚೆಯ ಮಗುವಿಗೂ ತಿಳಿದಿರುವುದು.